ಕರ್ಫ್ಯೂ ಊರಿನ ತವರುಮನೆ

ಚೊಚ್ಚಲ ಹೆರಿಗೆಗೆ ಮಗಳನ್ನು ಕರೆತರಲು ನಾನು ನೇಪಾಳಕ್ಕೆ ಹೊರಟಾಗ ಮನೆಯಲ್ಲಿ, ಓಣಿಯಲ್ಲಿ, ಚರ್ಚಿನ ಸಭೆಯಲ್ಲಿ ಒಬ್ಬರೂ ಹೂಂ ಅನ್ನಲಿಲ್ಲ. ನಮ್ಮ ಯಜಮಾನರು ಟಿವಿಯ ಮುಂದೆ ಕೂತು, ಅಲ್ಲಿ ಹೊತ್ತಿ ಉರಿಯುತ್ತಿದ್ದ ಕಚೇರಿಗಳನ್ನೂ ಬೀದಿ ತುಂಬ ಓಡುತ್ತಿದ್ದ ಹುಡುಗರನ್ನೂ ತೋರಿಸಿದರು.

"ನೋಡಿಲ್ಲಿ, ದೇಶಕ್ಕ ದೇಶನ ಉರ್ಯಾಕತ್ತೈತಿ. ನೀ ಬುತ್ತಿ ಕಟಗೊಂಡು ಹೊಂಟಿ!"

"ಅದರಾಗ ನನ್ನ ಮಗಳದಾಳ. ಅದಕ್ಕ ಹೊಂಟೀನಿ," ಎಂದೆ. ಅವರು ಟಿವಿ ಆರಿಸಿದರು.

ನಮ್ಮದು ಕಾಗವಾಡ ತಾಲೂಕಿನಲ್ಲಿ ಶಿರಗುಪ್ಪಿಯ ಹತ್ತಿರದ ಹಳ್ಳಿ. ಸುತ್ತ ಕಬ್ಬು, ನಡುವೆ ನಾವು. ಅಜ್ಜನ ಕಾಲದಿಂದ ಕ್ರೈಸ್ತರು. ನಾನು ಕನ್ನಡ ಶಾಲೆಯಲ್ಲಿ ಟೀಚರಾಗಿ ನಿವೃತ್ತಳಾದವಳು. ಹಾಗಾಗಿ ದನಿ ಸಣ್ಣದು ಮಾಡಿ ಮಾತಾಡುವುದು ನನಗೆ ಇಂದಿಗೂ ಬರುವುದಿಲ್ಲ. ಮಗಳು ನರ್ಸು. ಅಳಿಯ ರಾಯಬಾಗ ತಾಲೂಕಿನ ಅಲಖನೂರ ಕಡೆಯವರು, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಮದುವೆಯಾದ ವರ್ಷವೇ ಇಬ್ಬರೂ ಮಿಷನ್ ಸೇವೆಯೆಂದು ನೇಪಾಳದ ಗುಡ್ಡದ ಊರಿನ ಆಸ್ಪತ್ರೆಯೊಂದಕ್ಕೆ ಹೋದರು. ಚಿಕ್ಕೋಡಿಯ ಸಭೆಯಲ್ಲಿ ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಕಳಿಸಿದ ದಿನ ಎಲ್ಲರಿಗಿಂತ ಜೋರಾಗಿ ಹಾಡಿದವಳು ನಾನೇ. ಮಿಷನರಿ ಎಂದರೆ ಹಡಗು ಹತ್ತಿ ಬರುವ ಬಿಳಿಯರು ಎಂದು ತಿಳಿದಿದ್ದ ನಮ್ಮವರಿಗೆ, ನಮ್ಮ ಹುಡುಗಿಯೇ ಈಗ ಬೇರೆ ದೇಶಕ್ಕೆ ಮಿಷನರಿ ಎಂದು ಹೇಳಿಕೊಂಡು ತಿರುಗಿದೆ. ಅಬ್ಬಾ, ಏನು ಸೊಕ್ಕು ನನಗೆ!

ಆದರೆ ಸೇವೆ ಬೇರೆ, ಬಾಣಂತನ ಬೇರೆ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಅದಕ್ಕೆ ಮೊದಲು ಮಗಳಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಕುಬಸ ಮಾಡಬೇಕು. ತವರಿನಿಂದ ಬಯಕೆಯ ಬುತ್ತಿ ಹೋಗಬೇಕು. ಆ ಬುತ್ತಿಯನ್ನು ಓಣಿಗೆಲ್ಲ ಬೀರಬೇಕು. ಆಮೇಲೆ ತಾಯಿ ಮಗಳನ್ನು ಕರೆದುಕೊಂಡು ಬರಬೇಕು. ಯೇಸುಸ್ವಾಮಿ ಇದನ್ನು ಬೇಡವೆಂದದ್ದು ನಾನಂತೂ ಎಲ್ಲೂ ಓದಿಲ್ಲ. ರಜೆ ಸಿಗದೆ ಸಿಗದೆ ಅವಳಿಗೆ ಎಂಟು ತಿಂಗಳಾಯಿತು. ಕೊನೆಗೆ ವಿಮಾನದ ಟಿಕೆಟ್ಟೂ ಆಯಿತು. ಅಷ್ಟರಲ್ಲಿ ಅಲ್ಲಿ ಗಲಾಟೆ ಎದ್ದು, ಕರ್ಫ್ಯೂ ಬಿದ್ದು, ವಿಮಾನಗಳು ನಿಂತವು. ಫೋನಿನಲ್ಲಿ ಮಗಳು, "ಯವ್ವಾ, ನೀ ಗಾಬರಿ ಆಗಬ್ಯಾಡ, ಇಲ್ಲಿ ನಾವು ಆರಾಮ ಅದೀವಿ," ಅಂದಳು. ಆರಾಮ ಇದ್ದವರು ಹಾಗೆ ಅಳು ನುಂಗಿ ಮೂಗು ಎಳೆಯುತ್ತ ಮಾತಾಡುವುದಿಲ್ಲ.

ನಮ್ಮ ಪಾಸ್ಟರು ಮನೆಗೆ ಬಂದು ಬುದ್ಧಿ ಹೇಳಿದರು. "ಬಂದ್ ಐತ್ರಿ ಅಲ್ಲಿ. ಬಸ್ಸಿಲ್ಲ, ಅಂಗಡಿ ಇಲ್ಲ. ಹೆಂಗ ಹೋಗ್ತೀರಿ?"

ನನಗೆ ನಗು ಬಂತು. ನಾನು ಹುಟ್ಟಿ ಬೆಳೆದದ್ದು ನಿಪ್ಪಾಣಿಯಲ್ಲಿ. ಗಡಿಯ ಗಲಾಟೆ ನೋಡುತ್ತಲೇ ದೊಡ್ಡವಳಾದೆ. ಇವತ್ತು ಆ ಬೋರ್ಡಿಗೆ ಮಸಿ, ನಾಳೆ ಈ ಬಸ್ಸಿಗೆ ಕಲ್ಲು. ಬಸ್ಸು ಗಡಿಯ ಈಚೆಗೇ ನಿಂತರೆ ನಾವು ಗಂಟು ತಲೆಯ ಮೇಲಿಟ್ಟು ನಡೆದು ಆಚೆ ಹೋಗಿ ಆ ರಾಜ್ಯದ ಬಸ್ಸು ಹತ್ತಿದವರು. ಮಿರಜದ ದವಾಖಾನೆಗೆ ಹಾಗೆ ಎಷ್ಟು ಸಲ ಹೋಗಿದ್ದೇನೋ. ಎದುರಿಗೆ ಬಂದವರ ಮುಖ ನೋಡಿ ಕನ್ನಡವೋ ಮರಾಠಿಯೋ ಎಂದು ನಾಲಿಗೆ ತಾನಾಗಿ ಹೊರಳುತ್ತದೆ. "ಪಾಸ್ಟರ, ಬಂದ್ ಅಂದ್ರ ಬಸ್ಸಿಗೆ ರೀ. ಕಾಲಿಗಲ್ಲ," ಎಂದೆ.

ಬುತ್ತಿಗೆ ಎರಡು ದಿನ ಹಿಡಿಯಿತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಕ್ ಜೋಳದ ರೊಟ್ಟಿ, ಶೇಂಗಾ ಹೋಳಿಗೆ, ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂಬ ಖಾರದ ಚಟ್ನಿಪುಡಿಗಳು, ಅಥಣಿ ಕಡೆಯ ಒಣದ್ರಾಕ್ಷಿ, ಬಾಣಂತಿಗೆಂದು ಅಂಟಿನ ಉಂಡಿ. ಪಕ್ಕದ ಮನೆಯ ಕಾಕು ಶೇಡಬಾಳದ ಜೈನರ ಮಗಳು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸಿ ಬಂದವರೇ ನನ್ನ ಕೈಯಿಂದ ಲಟ್ಟಣಿಗೆ ಕಸಿದುಕೊಂಡರು. "ನಿನ್ನ ಕೈಯಾಗಿನ ಹೋಳಿಗಿ ಆ ಗುಡ್ಡಾ ಏರೂದ್ರಾಗ ಹರೀತಾವ, ಸರಿ ಅತ್ತಾಗ," ಎಂದು ಬೈದು, ಬೇಸನ್ ಉಂಡಿಯ ಡಬ್ಬಿಯೊಂದನ್ನು ತಮ್ಮ ಲೆಕ್ಕದಲ್ಲಿ ಸೇರಿಸಿದರು. ಅವರು ಕಣ್ಣೊರೆಸಿಕೊಂಡಾಗ ಮಾತ್ರ ನಾನು ಹಿಟ್ಟು ತರುವ ನೆವದಲ್ಲಿ ಎದ್ದು ಒಳಗೆ ಹೋದೆ.

ಮಿರಜದಲ್ಲಿ ರೈಲು ಹತ್ತಿದೆ. ನಡುವೆ ಬದಲಿಸಿ ಗೋರಖಪುರ, ಅಲ್ಲಿಂದ ಬಸ್ಸಿನಲ್ಲಿ ಗಡಿ. ಆಚೆಗೆ ಔಷಧಿ ಒಯ್ಯಲು ಮಗಳ ಆಸ್ಪತ್ರೆಯ ಜೀಪು ಬರುತ್ತದೆಂದು ಅಳಿಯ ಫೋನಿನಲ್ಲಿ ತಿಳಿಸಿದ್ದರು. ಗಡಿಯ ಕಮಾನಿನ ಕೆಳಗೆ ನಡೆದು ಹೋಗುವಾಗ ನನಗೆ ಕಾಗವಾಡದ ನಾಕಾ ದಾಟಿದಂತೆಯೇ ಅನ್ನಿಸಿತು, ಸುಳ್ಳೇಕೆ ಹೇಳಲಿ. ಆಚೆಯ ಪೊಲೀಸನೊಬ್ಬ ಡಬ್ಬಿಗಳನ್ನೆಲ್ಲ ಬಿಚ್ಚಿಸಿದ. ಕೆಂಪು ಹಿಂಡಿ ಕಂಡು ಇದೇನು ಪುಡಿ ಎಂದು ಹಿಂದಿಯಲ್ಲಿ ದಬಾಯಿಸಿದ. ತಿಂದು ನೋಡಪ್ಪಾ ಎಂದೆ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಕಣ್ಣಲ್ಲಿ ನೀರು ಇಳಿಯಿತು, ಸೀನು ಹತ್ತಿತು. ಹೋಗು ಹೋಗು ಎಂದು ಕೈಬೀಸಿದ.

ಜೀಪಿನ ದಾರಿಯುದ್ದಕ್ಕೂ ಸುಟ್ಟ ಟಯರು, ಮುಚ್ಚಿದ ಅಂಗಡಿ. ಒಂದು ಕಡೆ ಹುಡುಗರು ರಸ್ತೆಗೆ ಮರ ಅಡ್ಡ ಹಾಕಿದ್ದರು. ಆಸ್ಪತ್ರೆಯ ಜೀಪೆಂದು ತಾವೇ ಸರಿಸಿಕೊಟ್ಟರು. ಎಲ್ಲ ನನ್ನ ಶಾಲೆಯ ಹುಡುಗರ ವಯಸ್ಸಿನವರೇ. ಏನು ಸಿಟ್ಟಿತ್ತೋ ಆ ಮುಖಗಳಲ್ಲಿ! ಕಿವಿ ಹಿಂಡಿ ಮನೆಗೆ ಕಳಿಸಬೇಕೆನ್ನಿಸಿತು, ಹತ್ತಿರ ಕೂರಿಸಿ ಉಣ್ಣಿಸಬೇಕೆಂದೂ ಅನ್ನಿಸಿತು.

ಮಗಳು ಡ್ಯೂಟಿಯ ಬಟ್ಟೆಯಲ್ಲೇ ವಾರ್ಡಿನ ಬಾಗಿಲಿಗೆ ಬಂದಳು. ಒಳಗೆ ಪೆಟ್ಟು ತಿಂದ ಹುಡುಗರು ನೆಲದ ಮೇಲೂ ಮಲಗಿದ್ದರು. "ಯವ್ವಾ! ಖರೇನ ಬಂದೆಲ್ಲ ಬೇ!" ಎಂದು ಕೊರಳಿಗೆ ಬಿದ್ದಳು. ನಾನು ಅವಳ ಪಾದ ನೋಡಿದೆ.

"ಕಾಲು ನೋಡಿಲ್ಲಿ, ಬಾತು ಕುಂಬಳಕಾಯಿ ಆಗ್ಯಾವು! ಯಾರೂ ಹೇಳವರಿಲ್ಲೇನ ನಿನಗ? ನಡೀ, ನಾಳೆ ಮುಂಜಾನೆ ಊರಿಗೆ ಹೋಗೂಣು."

ಆ ಆಸ್ಪತ್ರೆಯ ಹೆರಿಗೆ ಡಾಕ್ಟರು ಹೊರದೇಶದ ವಯಸ್ಸಾದ ಹೆಂಗಸು. ಮಗಳ ಬಿಪಿ ಏರಿದೆ, ಆ ರಸ್ತೆಯಲ್ಲಿ ಒಂದು ತಾಸಿನ ಪ್ರಯಾಣವೂ ಕೂಡದು ಎಂದರು. ನಾನು ವಾದ ಹಾಕಿದೆ. ನಾನು ಬಂದ ರಸ್ತೆಯೇ ತಾನೆ, ನನ್ನ ಮಡಿಲಲ್ಲಿ ಮಲಗಿಸಿಕೊಂಡು ಒಯ್ಯುತ್ತೇನೆ ಎಂದೆ. ಆಕೆ ನನ್ನ ಮಾತನ್ನೆಲ್ಲ ಕೇಳಿ, ತಮ್ಮ ಮುರುಕು ಹಿಂದಿಯಲ್ಲಿ, ದಾರಿಯಲ್ಲಿ ಫಿಟ್ಸ್ ಬಂದರೆ ತಾಯಿ ಮಗು ಇಬ್ಬರೂ ಉಳಿಯಲಿಕ್ಕಿಲ್ಲ ಎಂದರು.

ವಾದದಲ್ಲಿ ಸೋತರೆ ನನಗೆ ಸಿಟ್ಟು ಬರುತ್ತದೆ. ಅದು ಅಳಿಯನ ಮೇಲೆ ಇಳಿಯಿತು. ಕ್ವಾರ್ಟರ್ಸಿಗೆ ಬಂದವಳೇ, "ಗಲಾಟಿ ಜೋರು ಆಗೂ ಮೊದಲ ಕಳಿಸಬೇಕಂತ ನಿಮಗ ತಿಳೀಲಿಲ್ಲೇನ್ರಿ ಅಳಿಯಾರ?" ಎಂದು ಕೇಳಿದೆ. ಪಾಪ, ಅವರು ತಲೆ ತಗ್ಗಿಸಿ ನಿಂತರು.

"ಅತ್ತಿಯವರ, ಕಳಸ್ತಿದ್ದೆ ರೀ. ಅಕಿನ ಒಪ್ಪಲಿಲ್ಲ. ವಾರ್ಡ್ ತುಂಬೇತಿ ಅಂದ್ಳು."

ಮಗಳು ಮಂಚದ ಮೇಲೆ ಗೋಡೆಯ ಕಡೆ ಹೊರಳಿದ್ದಳು. ಬಿಪಿಯ ಮಾತಿಗೆ ಅಳದವಳು ಆಗ ಬಿಕ್ಕತೊಡಗಿದಳು. "ನನ್ನ ಚೊಚ್ಚಲ ಬಾಣಂತನ ತವರಾಗ ಆಗೂದಿಲ್ಲಲ್ಲ ಬೇ. ಎಲ್ಲಾರಿಗೂ ಆಗಿರತೈತಿ. ನನಗೊಬ್ಬಾಕಿಗಿ ಇಲ್ಲ."

ಎದ್ದು ಮನೆ ನೋಡಿದೆ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಚ್ಚಲು, ನೀರು ಕಾಸಲು ಕಟ್ಟಿಗೆ. ಏನು ಕಡಿಮೆಯಿದೆ? ಒಂದೇ ಒಂದು ಹೆಚ್ಚಾಗಿತ್ತು.

"ಅಳಿಯಾರ," ಎಂದೆ, "ನಿಮ್ಮ ಹಾಸಿಗಿ ಸುತ್ತಗೊಳ್ರಿ."

"ಎಲ್ಲಿಗ್ರಿ?"

"ಇವತ್ತಿನಿಂದ ಇದು ನಮ್ಮ ಮನಿ. ಅಕಿ ತವರಮನಿ. ಬಾಣಂತನ ಮುಗಿಯೂತನಕ ಅಳಿಯಾ ಅನ್ನಾಂವ ತವರಾಗ ಠಿಕಾಣಿ ಹೂಡ್ತಾನೇನ್ರಿ? ಗಂಡಸರ ಹಾಸ್ಟೆಲ್ಲಿಗೆ ಹೋಗ್ರಿ. ಹೆಂಡ್ತೀನ ನೋಡಬೇಕಂದ್ರ ಹೊರಗಿಂದ ಕೂಗಿ, ಬಾ ಅಂದಮ್ಯಾಲ ಒಳಗ ಬರ್ರಿ."

ಅವರು ನನ್ನ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು. ಮಗಳು ಅಳುವುದು ನಿಲ್ಲಿಸಿ ಹೊರಳಿ ನೋಡುತ್ತಿದ್ದಳು. ದೇವರಾಣೆ, ಆ ಮನುಷ್ಯ ದಿಂಬು ಚಾದರ ಬಗಲಲ್ಲಿಟ್ಟುಕೊಂಡು ಹೊರಟರು. ಹೊಸ್ತಿಲ ಆಚೆ ನಿಂತು, "ಬರ್ತೀನ್ರಿ ಅತ್ತಿಯವರ, ನಿಮ್ಮ ಮಗಳ ಕಾಳಜಿ ತಗೊಳ್ರಿ," ಎಂದರು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಬಂದ ಮೇಲೆ ಅದೇ ಅವಳ ಮೊದಲ ನಗು.

ಮರುದಿನ ಕುಬಸ. ಹಸಿರು ಸೀರೆ ಉಡಿಸಿ, ನಿಪ್ಪಾಣಿಯಿಂದ ತಂದ ಬಳೆ ತೊಡಿಸಿದೆ. ಕರ್ಫ್ಯೂ ಇದ್ದದ್ದು ಬೀದಿಗೆ. ಕ್ವಾರ್ಟರ್ಸಿನ ಸಾಲಿನೊಳಗೆ ಹೆಂಗಸರು ಬಂದರು. ಅಂಗಡಿ ಮುಚ್ಚಿ ವಾರವಾಗಿ ಅವರ ಮನೆಗಳಲ್ಲಿ ಅಕ್ಕಿ, ಬೇಳೆ ಬಿಟ್ಟರೆ ಏನೂ ಉಳಿದಿರಲಿಲ್ಲ. ನಾನು ಬುತ್ತಿ ಬೀರಿದೆ, ಮನೆಮನೆಗೆ. ಆಚೆಮನೆಯ ನೇಪಾಳಿ ಹೆಂಗಸು ಕಡಕ್ ರೊಟ್ಟಿಯನ್ನು ಹಪ್ಪಳವೆಂದು ತಿಳಿದು ಮುರಿದು ಮುರಿದು ಮಕ್ಕಳಿಗೆ ಕೊಟ್ಟಳು. ಆಮೇಲೆ ಅವರು ಒಂದು ಭಜನೆ ಹಾಡಿದರು. ಮಾತು ನನಗೆ ತಿಳಿಯಲಿಲ್ಲ, ರಾಗ ನಮ್ಮ ಚಿಕ್ಕೋಡಿ ಸಭೆಯದೇ! ನಾನು ಕನ್ನಡದಲ್ಲಿ ದನಿ ಕೂಡಿಸಿದೆ. ಗುಡ್ಡದ ಕೆಳಗೆ ಊರಿನ ಕಡೆಯಿಂದ ಹೊಗೆ ಏಳುತ್ತಿತ್ತು.

ಅಲಖನೂರಿನಿಂದ ಬೀಗತಿಯ ಫೋನು ಬಂತು. "ಅಲ್ರೀ ಅಕ್ಕಾರ, ನನ್ನ ಮಗನ್ನ ಅವನ ಮನಿಯಿಂದನ ಹೊರಗ ಹಾಕೀರಂತಲ್ಲ!"

"ಹಾಕೀನ್ರಿ. ಮತ್ತ ನೀವು ನನ್ನ ಮಗಳ್ನ ಚೊಚ್ಚಲಕ್ಕ ತವರಿಗೆ ಕಳಸಾವರೋ ಇಲ್ಲೋ?"

ಆಕಡೆಯವರಿಗೆ ನನ್ನ ಆಟ ತಿಳಿಯಿತು. "ಕಳಿಸೀವಲ್ರಿ ಮತ್ತ," ಎಂದು ನಕ್ಕರು. ಬೀಗತಿ ಅಂದರೆ ಹೀಗಿರಬೇಕು.

ಅಳಿಯ ದಿನವೂ ಸಂಜೆ ಬರುತ್ತಿದ್ದರು. ಹೊರಗಿನಿಂದಲೇ "ಅತ್ತಿಯವರ" ಎಂದು ಕೂಗುವುದು. ನಾನು ಕಾಲಿಗೆ ನೀರು ಕೊಟ್ಟು, ಅವರದೇ ಕುರ್ಚಿಯಲ್ಲಿ ಅವರನ್ನು ಕೂರಿಸಿ, ಅವರದೇ ಸಕ್ಕರೆಯ ಚಹಾ ಮಾಡಿ, "ಅಲಖನೂರಾಗ ಎಲ್ಲಾರೂ ಆರಾಮ ಏನ್ರಿ?" ಎಂದು ಕೇಳುವುದು. ಲ್ಯಾಬಿನಲ್ಲಿ ರಕ್ತ ಹೊಂದಿಸಿ ಹೊಂದಿಸಿ ಅವರ ಕಣ್ಣು ಒಳಗೆ ಹೋಗಿದ್ದವು. ಆ ಒಂದು ಗಳಿಗೆ ಅವರೂ ನಗುತ್ತಿದ್ದರು. ನಿಜ ಹೇಳಬೇಕೆಂದರೆ ಆ ಗಂಡಸಿನ ಮೇಲೆ ನನಗೆ ಬಂದ ಪ್ರೀತಿ ಆ ಹೊಸ್ತಿಲಲ್ಲೇ ಬಂದದ್ದು.

ದಿನ ತುಂಬುವ ಮೊದಲೇ ಒಂದು ಮಧ್ಯಾಹ್ನ, ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಕೂತಿದ್ದ ಮಗಳು ಕಣ್ಣು ಮಂಜಾಯಿತು ಎಂದಳು. ಡಾಕ್ಟರು ಬಂದು ನೋಡಿ, ಈಗಲೇ ಆಪರೇಷನ್ ಎಂದರು. ಸ್ಟ್ರೆಚರ್ ಹೋಗಲು ವರಾಂಡದಲ್ಲಿ ಮಲಗಿದ್ದ ಹುಡುಗರು, ಕೈಮುರಿದವರೂ ಎದ್ದು ಗೋಡೆಗೆ ಒತ್ತಿ ನಿಂತರು. ಅಳಿಯ ರಕ್ತದ ಬಾಟಲಿ ಒಳಗೆ ಕೊಟ್ಟು ಮತ್ತೆ ಲ್ಯಾಬಿಗೆ ಓಡಿದರು; ಅಲ್ಲಿ ಇನ್ನೊಬ್ಬರ ಮಗನಿಗೂ ರಕ್ತ ಬೇಕಾಗಿತ್ತು.

ನಾನು ಆ ಬಾಗಿಲ ಮುಂದೆ ನಿಂತೆ. ಪ್ರಾರ್ಥನೆ ಮಾಡಿದೆ ಅನ್ನಲಾರೆ, ಜಗಳ ಮಾಡಿದೆ. "ನಿನ್ನ ಕೆಲಸಕ್ಕಂತ ಇಷ್ಟು ದೂರ ಕಳಿಸೀನಿ. ಹಾಡಿ ಕಳಿಸೀನಿ. ಈಗ ನನ್ನ ಮಗಳನ್ನ ನನಗ ಕೊಡು. ಮತ್ತೇನೂ ಕೇಳೂದಿಲ್ಲ, ಕೊಡು." ಇಷ್ಟು ದಿನ ಎಲ್ಲರನ್ನೂ ದಬಾಯಿಸಿದ ದನಿ ಎಲ್ಲಿ ಹೋಗಿತ್ತೋ. ಆಮೇಲೆ ಒಳಗೆ ಒಂದು ಸಣ್ಣ ಅಳು ಕೇಳಿತು. ನಾನು ಅಲುಗಲಿಲ್ಲ, ನನಗೆ ಬೇಕಾದದ್ದು ಇನ್ನೊಂದು ಸುದ್ದಿ. ಡಾಕ್ಟರು ಹೊರಗೆ ಬಂದು, ಹೆಣ್ಣು, ತಾಯಿ ಹುಷಾರಾಗಿದ್ದಾಳೆ ಎಂದಾಗ ಆಕೆಯ ಹೆಗಲ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತೆ.

ಬಾಣಂತನ ಮಾಡಿದೆ, ಹೇಗೆ ಮಾಡಬೇಕೋ ಹಾಗೆ. ಆಪರೇಷನ್ನಿನ ಗಾಯ ಮಾಯುವವರೆಗೆ ಡಾಕ್ಟರು ಹೇಳಿದಂತೆ ಕೇಳಿದೆ, ಆಮೇಲೆ ಎಣ್ಣೆ ನೀರು, ಮೆಂತ್ಯೆಯ ಗಂಜಿ, ಅಂಟಿನ ಉಂಡಿ. ಕೂಸಿನ ತಲೆಗೆ ದಿನವೂ ಎಣ್ಣೆ. ಊರಿನಲ್ಲಿ ಅಂಗಡಿಗಳು ತೆರೆದವು, ಶಾಲೆಯ ಗಂಟೆ ಕೇಳತೊಡಗಿತು, ವಾರ್ಡಿನ ಹುಡುಗರು ಒಬ್ಬೊಬ್ಬರಾಗಿ ಮನೆಗೆ ಹೋದರು. ಮಗಳ ಮೈಗೆ ರಕ್ತ ಬಂತು, ಬೈದರೆ ತಿರುಗಿ ಬೈಯುವಷ್ಟು ಆದಳು. ಯಜಮಾನರು ಫೋನಿನಲ್ಲಿ, "ಎಮ್ಮಿನೂ ನಿನ್ನ ಹಾದಿ ಕಾಯಾಕತ್ತೇತಿ," ಎನ್ನತೊಡಗಿದರು.

ಹೊರಡುವ ದಿನ ಅಳಿಯ ಹಾಸಿಗೆ ಸುತ್ತಿಕೊಂಡು ಬಂದು ಹೊರಗೇ ನಿಂತರು. "ಒಳಗ ಬರ್ರಿ, ಇನ್ನ ಇದು ನಿಮ್ಮ ಮನಿ," ಎಂದೆ. ಎಲ್ಲರೂ ನಕ್ಕೆವು. ನಕ್ಕು ಮುಗಿದ ಮೇಲೆಯೇ ನನಗೆ ಹೊಳೆದದ್ದು. ನಮ್ಮ ಕಡೆ ಬಾಣಂತನ ಮುಗಿದರೆ ಮಗಳು ಕೂಸನ್ನೆತ್ತಿಕೊಂಡು ಹೊರಡುತ್ತಾಳೆ, ತಾಯಿ ಬಾಗಿಲಲ್ಲಿ ನಿಂತು ಅಳುತ್ತಾಳೆ. ಅದಕ್ಕೆ ನಾನು ವರ್ಷಗಳಿಂದ ಎದೆ ಗಟ್ಟಿ ಮಾಡಿಕೊಂಡಿದ್ದೆ. ಇಲ್ಲಿ ಹೊರಡಬೇಕಾದವಳು ನಾನು. ಬಾಗಿಲಲ್ಲಿ ನಿಂತವಳು ಅವಳು.

ಜೀಪು ಹತ್ತಿದೆ. ಅವಳು ಕೂಸನ್ನು ಎದೆಗೊತ್ತಿಕೊಂಡು, "ಹುಷಾರ ಹೋಗ ಬೇ," ಎಂದಳು. ನಿಲ್ಲು ಎನ್ನಲಿಲ್ಲ. ಜೀಪು ಇಳಿಜಾರಿಗೆ ಹೊರಳಿದಾಗ ತಿರುಗಿ ನೋಡಿದೆ; ತನ್ನ ತವರು ಎದ್ದು ಹೋಗುವುದನ್ನು ನೋಡುತ್ತ ಅಲ್ಲೇ ನಿಂತಿದ್ದಳು. ನಾನು ಡ್ರೈವರನ ಹೆಗಲಿಗೆ ತಟ್ಟಿ ಜೋರಾಗಿ ಹೊಡೆಯಪ್ಪಾ ಎಂದೆ. ಒಂದು ಚೂರು ನಿಧಾನ ಮಾಡಿದ್ದರೂ ಇಳಿದುಬಿಡುತ್ತಿದ್ದೆ.