ಕಾಕಾ ಜೋಡಿಸಿದ ಹನ್ನೆರಡು ಬಾಗಿಲು

ಕಂಪ್ಯೂಟರಿನ ಎಂಟರ್ ಕೀಲಿಯನ್ನು ಆತ ಒತ್ತುತ್ತಿರಲಿಲ್ಲ. ತಂಬಾಕು ತಿಕ್ಕಿ ಹಳದಿಗಟ್ಟಿದ ಹೆಬ್ಬೆರಳಿನಿಂದ, ತಿಗಣೆ ಹೊಸಕಿದಂತೆ ಹೊಸಕುತ್ತಿದ್ದ. ಮುಂಬೈಯ ಭಾಂಡುಪ್‌ನಲ್ಲಿ ನಮ್ಮ ಚಾಳು, ಹನ್ನೆರಡು ಬಾಗಿಲಿನ ಸಾಲುಮನೆ; ಕೊನೆಯ ಖೋಲಿ ಆತನದು. ಮುಂದೆ ಫೋಟೋ ಸ್ಟುಡಿಯೋ, ಪರದೆಯ ಹಿಂದೆ ಸಂಸಾರ. ಸಂಸಾರವೆಂದರೆ ಒಂದು ಸ್ಟೋವು, ಒಂದು ಚಾಪೆ. ವಿಜಯಪುರದ ಕಡೆಯವನು. ಕಾಕಾ ಎನ್ನುತ್ತಿದ್ದೆವು, ವಯಸ್ಸಿಗಾಗಿ. ಮರ್ಯಾದೆ ಗಳಿಸುವಂಥದ್ದೇನೂ ಆತ ಮಾಡಿರಲಿಲ್ಲ.

ವ್ಯಾಪಾರ ಗೊತ್ತಿಲ್ಲದ ಮನುಷ್ಯ. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರ ಕಾಲರ್ ಸರಿಯಿಲ್ಲವೆಂದು ಬೈದು ಕಳಿಸುವನು. ನಾನು ಮುಚ್ಚಿದ ಫ್ಯಾಕ್ಟರಿಗಳ ಹಳೇ ಯಂತ್ರ ಕೊಂಡು ಮಾರಿ ಮೇಲೆ ಬಂದವನು. ಗಿರಾಕಿಯ ಮುಖ ನೋಡಿ ಮಾತಾಡಬೇಕು, ಕಾಲರ್ ನೋಡಿ ಅಲ್ಲ ಎಂದು ಎಷ್ಟೋ ಸಲ ಬುದ್ಧಿ ಹೇಳಿದೆ. "ನೀ ಗುಜರಿ ಮಾರಾಂವ, ನಿನಗೇನ ತಿಳೀತೈತಿ" ಎಂದು ಬಾಯಿ ಮುಚ್ಚಿಸುತ್ತಿದ್ದ.

ಅವನಿಗಿದ್ದ ಜಂಬ ಒಂದೇ: ಒಂದು ಚೌಕಟ್ಟಿಗೆ ಹಿಡಿಸದ್ದನ್ನು ತುಂಡು ತುಂಡಾಗಿ ತೆಗೆದು ಉದ್ದ ಚಿತ್ರ ಮಾಡುವುದು. ಒಂದು ಫೋಟೋದ ಅಂಚು ಮುಂದಿನದರಲ್ಲೂ ಬರುವಂತೆ, ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಇಡುತ್ತ ತೆಗೆಯುವನು. ಆಮೇಲೆ ಕಂಪ್ಯೂಟರಿನ ಕಪ್ಪು ಪರದೆ, ಬಿಳಿ ಅಕ್ಷರ. ಒಂದು ಆಜ್ಞೆ ಟೈಪ್ ಮಾಡಿದರೆ ಕಂಪ್ಯೂಟರ್ ಎರಡೂ ಫೋಟೋಗಳಲ್ಲಿರುವ ಒಂದೇ ಗುರುತನ್ನು ಹುಡುಕುತ್ತದೆ; ಇನ್ನೊಂದಕ್ಕೆ ಓರೆಕೋರೆ ತಿದ್ದುತ್ತದೆ; ಮತ್ತೊಂದಕ್ಕೆ ಅಂಚು ಬೆಸೆಯುತ್ತದೆ. ಮೌಸ್ ಮುಟ್ಟುವುದೆಂದರೆ ಅವನಿಗೆ ಮೈಲಿಗೆ. ಮೊಬೈಲ್ ಹಿಡಿದು ಗರ್ರನೆ ತಿರುಗಿದರೆ ಅದೇ ಆಗುತ್ತದಲ್ಲ ಎಂದರೆ, "ಅದು ಜೋಡಣಿ ಅಲ್ಲಪಾ, ಎಳದು ಹಿಗ್ಗಿಸಿದ ಬನಿಯನ್" ಎನ್ನುತ್ತಿದ್ದ. ಆ ವಿದ್ಯೆಗೆ ವರ್ಷಕ್ಕೊಬ್ಬ ಗಿರಾಕಿ ಬಂದರೆ ಹೆಚ್ಚು.

ಅಂಥ ಒಬ್ಬ ಬಂದ. ಚಾಳು ಕೆಡವಿ ಬಿಲ್ಡಿಂಗ್ ಎಬ್ಬಿಸಲು ಬಂದಿದ್ದ ಬಿಲ್ಡರ್‌ನ ಮ್ಯಾನೇಜರ್. ಗಣಪತಿ ಹಬ್ಬಕ್ಕೆ ಮುಂಚೆ ಈತ ಎಲ್ಲ ಬಾಗಿಲಿಗೂ ಪುಕ್ಕಟೆ ನೀಲಿ ಬಣ್ಣ ಹೊಡೆಸಿದ್ದ. ಖೋಲಿಯ ನಂಬರುಗಳೂ ಬಣ್ಣದಡಿ ಮುಚ್ಚಿಹೋದವು. ನಮ್ಮ ಜನ ಹಿಗ್ಗಿದರು. ಪುಕ್ಕಟೆ ಕೊಡುವವನ ಡಬ್ಬಿ ನೋಡಬೇಡಿ, ಕೈ ನೋಡಿ ಎಂದೆ. ಯಾರು ಕೇಳಬೇಕು? ಈಗ, ಹಳೇ ಬಾಗಿಲಿಗೊಂದು ಹೊಸ ಮನೆ ಕೊಡುವ ಕರಾರಿಗೆ ಅಂಟಿಸಲು ಇಡೀ ಚಾಳಿನ ಒಂದು ಉದ್ದ ಫೋಟೋ ಬೇಕಿತ್ತು. ಗಲ್ಲಿ ಇಕ್ಕಟ್ಟು, ಹಿಂದೆ ಸರಿಯಲು ಜಾಗವಿಲ್ಲ. ಕೆಲಸ ಕಾಕಾನಿಗೆ ಸಿಕ್ಕಿತು.

ಚಿತ್ರ ಸಿದ್ಧವಾದ ದಿನ ನಾನೂ ಮ್ಯಾನೇಜರನೂ ಸ್ಟುಡಿಯೋದಲ್ಲಿದ್ದೆವು. ನಮ್ಮ ಚಾಳಿನ ರೊಟ್ಟಿ ಮಾರುವ ಅಜ್ಜಿಯೂ ಬಂದು ಕಣ್ಣು ಕಿರಿದು ಮಾಡಿ ನೋಡಿದಳು. ಒಂಟಿ ಹೆಂಗಸು; ಗಂಡ ಸತ್ತ ಮೇಲೆ ಕಾಗದಪತ್ರ ಯಾವುದೂ ಅವಳ ಹೆಸರಿಗೆ ಬಂದಿರಲಿಲ್ಲ, ಆ ಬಾಗಿಲೊಂದೇ ಅವಳ ಪುರಾವೆ.

"ನನ್ನ ಬಾಗಲಾ ಎಲ್ಲೈತೋ ತಮ್ಮಾ?" ಎಂದು ನನ್ನನ್ನು ಕೇಳಿದಳು.

ಎಣಿಸಿದೆ. ಹನ್ನೆರಡರ ಬದಲು ಹನ್ನೊಂದು. ಬಣ್ಣ ಒಂದೇ, ಅಳತೆ ಒಂದೇ. ಅಜ್ಜಿಯ ಬಾಗಿಲೂ ಪಕ್ಕದ ಬಾಗಿಲೂ ಒಂದೇ ಎಂದು ತಿಳಿದ ಕಂಪ್ಯೂಟರ್ ಒಂದರ ಮೇಲೊಂದು ಕೂರಿಸಿಬಿಟ್ಟಿತ್ತು. ಬೆಸುಗೆ ಎಷ್ಟು ನಯವೆಂದರೆ ಗೆರೆಯೂ ಕಾಣದು.

ಮ್ಯಾನೇಜರನ ಮುಖ ಅರಳಿತು. "ರೆಹನೆ ದೋ ಕಾಕಾ", ಹಾಗೇ ಇರಲಿ ಬಿಡು, ಎಂದ. ಚಿತ್ರದಲ್ಲಿ ಇದ್ದಷ್ಟೇ ಮನೆ ಕರಾರಿನಲ್ಲಿ. ಮುಂದೆ ಕಂಪನಿಯ ಜಾಹೀರಾತು ಹೋರ್ಡಿಂಗ್ ಕೆಲಸವೆಲ್ಲ ಕಾಕಾನಿಗೇ, ಎಂದು ಸಣ್ಣ ದನಿಯಲ್ಲಿ ಹೇಳಿದ. ನಾನು ಕಾಕಾನ ಕಾಲು ತುಳಿದೆ: ಸುಮ್ಮನಿರು, ಹೋರ್ಡಿಂಗನ್ನೂ ಬಾಗಿಲನ್ನೂ ಎರಡನ್ನೂ ಚೌಕಾಸಿ ಮಾಡಿ ತೆಗೆಯುತ್ತೇನೆ ಎಂದು. ಆ ಮೂರ್ಖನಿಗೆ ಕಾಲಿನ ಭಾಷೆಯೂ ಬಾರದು. ಚಿತ್ರವನ್ನು ನಡುವೆ ಹರಿದು ಬಿಸಾಡಿದ.

"ಕಾಕಾನ ಜೋಡಣಿ ಬಾಗಲಾ ನುಂಗತೈತಿ ಅಂತ ಮಂದಿ ನಗಬೇಕೇನು?"

ಅಜ್ಜಿಯ ಕಡೆ ತಿರುಗಿಯೂ ನೋಡಲಿಲ್ಲ. ಅವಳು ಒಣಹಾಕಿದ ಸೀರೆಯ ನೀರು ಕಾಕಾನ ಸ್ಟುಡಿಯೋ ಬೋರ್ಡಿನ ಮೇಲೆ ಸೋರುತ್ತದೆಂದು ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಕರುಣೆಯೆಂದು ತಿಳಿದವರು ತಿದ್ದಿಕೊಳ್ಳಲಿ. ಅದು ಬರೀ ಸೊಕ್ಕು.

ಮರುದಿನ ಬೆಳಿಗ್ಗೆ ನಮ್ಮ ಬಾಗಿಲುಗಳಿಗೆ ಬೇರೆ ಬೇರೆ ಸಾಮಾನು ತೂಗುಹಾಕಿಸಿದ, ಕಂಪ್ಯೂಟರಿಗೆ ಗುರುತು ಸಿಗಲೆಂದು. ಒಬ್ಬರದು ಛತ್ರಿ, ಒಬ್ಬರದು ಕುಕ್ಕರಿನ ಮುಚ್ಚಳ, ನನ್ನದು ತಕ್ಕಡಿ. ಅಜ್ಜಿ ರೊಟ್ಟಿಬುಟ್ಟಿ ತೂಗಿದಳು. "ಸೊಟ್ಟ ಆತು, ಸರಿ ಮಾಡು" ಎಂದು ಅವಳನ್ನೂ ಗದರಿದ. ಅಷ್ಟು ವರ್ಷಗಳ ನಂತರದ ಮೊದಲ ಮಾತು. ಈ ಸಲ ಬಾಗಿಲು ಹನ್ನೆರಡೂ ಬಂದವು. ಚಾಳಿನವರ ಎದುರಿಗೇ ಆ ಚಿತ್ರವನ್ನು ನಾನು ಕರಾರಿಗೆ ಅಂಟಿಸಿದೆ, ಮ್ಯಾನೇಜರ್ ಅದರ ಮೇಲೇ ಸಹಿ ಹಾಕಬೇಕಾಯಿತು. ಹೋರ್ಡಿಂಗ್ ಕೆಲಸ ಬೇರೆಯವನ ಪಾಲಾಯಿತು.

ಚಾಳು ಕೆಡವಿದರು. ಬಿಲ್ಡಿಂಗ್ ಏಳುವ ಮೊದಲೇ, ವಿಕ್ರೋಳಿಯ ಬಾಡಿಗೆ ಖೋಲಿಯಲ್ಲಿ ಕಾಕಾ ಸತ್ತ. ಮಣ್ಣಿಗೆ ಹೋದವರು ನಾವು ಕೆಲವರೇ. ಆ ಚಿತ್ರದ ಇನ್ನೊಂದು ಪ್ರತಿಗೆ ನಾನೇ ಚೌಕಟ್ಟು ಹಾಕಿಸಿ ಹೊಸ ಬಿಲ್ಡಿಂಗಿನ ಲಿಫ್ಟ್ ಪಕ್ಕ ತೂಗುಹಾಕಿದ್ದೇನೆ. ಅಜ್ಜಿ ಮೇಲೆ ತನ್ನ ಮನೆಗೆ ಹೋಗುವಾಗ ಒಮ್ಮೆ ಬುಟ್ಟಿ ನೋಡಿ ಹೋಗುತ್ತಾಳೆ. ನನ್ನ ಕಣ್ಣು ಹೋಗುವುದು ಕೊನೆಯ ಬಾಗಿಲಿಗೆ. ಊರಿಗೆಲ್ಲ ಗುರುತು ಕಟ್ಟಿಸಿದವನು ತನ್ನದಕ್ಕೆ ಏನೂ ಕಟ್ಟಿಲ್ಲ. ಒಂದು ಟವೆಲ್ಲೂ ಸಿಗಲಿಲ್ಲವೇ ಈ ದರಿದ್ರನಿಗೆ ಎಂದು ಬೈದುಕೊಳ್ಳುತ್ತೇನೆ. ಆದರೆ ಹನ್ನೆರಡರಲ್ಲಿ ದೂರದಿಂದಲೇ ಗುರುತು ಸಿಗುವುದು ಆ ಬರಿಬಾಗಿಲೊಂದೇ.