ರಾಷ್ಟ್ರಪತಿಗಳ ಆದೇಶಕ್ಕೂ ಕಾರಣ ಕೇಳಿದ ನಮ್ಮ ಭಾಗ್ಯ

ಕಾಲೇಜಿನ ಸರ್ ಕೇಳಿದ ಒಂದೇ ಪ್ರಶ್ನೆಗೆ ನಮ್ಮ ಮೊಮ್ಮಗಳು ಭಾಗ್ಯ "ಹೌದು ಸರ್" ಅಂದು, ಇಡೀ ಕೇಸು ಸೋತು ಮನೆಗೆ ಬಂದಳು.

ಖರೇ ಕೇಸಲ್ಲ ಬಿಡಿ. ಅವಳು ಓದುವ ಲಾ ಕಾಲೇಜಿನಲ್ಲಿ ಮೂಟ್ ಕೋರ್ಟ್ ಅಂತ ಇರುತ್ತದೆ, ಥೇಟ್ ಕೋರ್ಟಿನ ಹಾಗೆ ವಾದ ಮಾಡುವ ಸ್ಪರ್ಧೆ. ಒಂದು ರಾಜ್ಯದ ಸರ್ಕಾರವನ್ನು ರಾಷ್ಟ್ರಪತಿಗಳು ವಜಾ ಮಾಡಿದ್ದಾರೆ ಅಂತ ಕಲ್ಪನೆ. ಆ ಸರ್ಕಾರದ ಪರವಾಗಿ ಇವಳು ನಿಲ್ಲಬೇಕು.

ಪ್ರಾಕ್ಟೀಸಿನಲ್ಲಿ ಜಡ್ಜ್ ಆಗಿ ಕುಳಿತ ಸರ್, ರಾಷ್ಟ್ರಪತಿಗಳಿಗೇ ಮನವರಿಕೆ ಆದಮೇಲೆ ಕೋರ್ಟಿಗೇನು ಕೆಲಸ, ಮುಗಿಯಿತಲ್ಲ ಅಂದರಂತೆ. ಇವಳು ತಲೆ ತಗ್ಗಿಸಿ ಹೌದು ಅಂದಳಂತೆ.

ತಾನು ಕಾಯಬೇಕಾದವರ ಕುತ್ತಿಗೆಯನ್ನು ತಾನೇ ಕೊಯ್ದ ಹಾಗಾಯಿತು.

ಉತ್ತರ ಗೊತ್ತಿರಲಿಲ್ಲವೇ ಅಂದರೆ, ಎಲ್ಲ ಬಾಯಿಪಾಠ. ಆದರೆ ಸರ್ ತಲೆ ಬೆಳ್ಳಗಾಗಿದೆಯಲ್ಲ... ಬೆಳ್ಳನೆಯ ತಲೆಗೆ ಎದುರಾಡಬಾರದು ಎಂಬುದು ನಮ್ಮ ಮನೆಯ ರೂಢಿ. ಹಿರಿಯರು ತಪ್ಪು ಹೇಳಿದರೂ ಮೊದಲು ಹೌದ್ರಿ ಅನ್ನಬೇಕು, ಗೊಣಗುವುದಿದ್ದರೆ ಒಳಗೆ ಹೋಗಿ ಗೊಣಗಬೇಕು.

ಹುಡುಗಿ ಅಳಲಿಲ್ಲ. ಅದಕ್ಕಿಂತ ಕೆಟ್ಟ ಮಾತು ಆಡಿದಳು.

"ನಾ ವಕೀಲಿ ಮಾಡೂದಿಲ್ರಿ ಅಜ್ಜಿ. ಬ್ಯಾಂಕ್ ಪರೀಕ್ಷಾ ಬರೀತೇನಿ. ಜಡ್ಜ್ ಮುಂದ ಬಾಯಿ ಬಿಡಲಾರದಾಕಿಗೆ ಕರಿ ಕೋಟ್ ಯಾಕ್ರಿ?"

ನಮ್ಮ ಮನೆತನದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿ ಕೈಮುಗಿದವರು ಬಹಳ, ಅಲ್ಲಿ ಬಾಯಿ ತೆರೆದವರು ಒಬ್ಬರೂ ಇಲ್ಲ. ಇವಳೊಬ್ಬಳು ತೆರೆದಾಳು ಅಂತ ನಾನು ಕಾದಿದ್ದೇನೆ. ಬ್ಯಾಂಕಿಗೆ ಬಿಟ್ಟುಕೊಡುವುದುಂಟೇ?

ಮೊದಲು ನನಗೆ ಕೇಸು ತಿಳಿಸಿ ಹೇಳು ಅಂದೆ. ನಾನು ಹಳ್ಳಿಯ ಸಾಲೆಯಲ್ಲಿ ನಾಲ್ಕನೇ ಇಯತ್ತೆ ಕಲಿತವಳು. ರಾಷ್ಟ್ರಪತಿ ಅಂದರೆ ದೇಶಕ್ಕೇ ದೊಡ್ಡವರು, ಅವರನ್ನು ಕೇಳುವವರು ಯಾರು ಅಂದುಕೊಂಡಿದ್ದೆ.

ಹಾಗಿಲ್ಲವಂತೆ. ಅವರೂ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ರಾಜ್ಯದ ಸರ್ಕಾರವನ್ನು ಕಿತ್ತರೆ ಅದಕ್ಕೆ ಸರಿಯಾದ ಆಧಾರ ಇರಬೇಕು, ಸಂಸತ್ತು ಒಪ್ಪಬೇಕು. ಆಧಾರವೇ ಇಲ್ಲದಿದ್ದರೆ, ದುರುದ್ದೇಶ ಇದ್ದರೆ, ಕೋರ್ಟು ಆ ಆದೇಶವನ್ನು ಹೊಡೆದುಹಾಕಿ ಹೋದ ಸರ್ಕಾರವನ್ನು ತಿರುಗಿ ಕೂರಿಸಬಹುದಂತೆ.

ನಮ್ಮ ಅತ್ತೆಯ ಕಾಲದಲ್ಲಿ ಅಡುಗೆಮನೆಗೂ ಇಂಥದೊಂದು ಕೋರ್ಟು ಇದ್ದಿದ್ದರೆ... ಇರಲಿ.

ಮರುದಿನ ಮುಂಜಾನೆ ಸೊಸೆ ಮಹಾದೇವಿ ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು, ಇಂದಿನಿಂದ ಅಡುಗೆಮನೆ ನಿನ್ನ ಕೈಯಲ್ಲಿಲ್ಲ, ನಿನ್ನನ್ನು ಬರಖಾಸ್ತು ಮಾಡಿದ್ದೇನೆ ಅಂದೆ. ಅವಳ ಕೈ ಹಿಟ್ಟಿನಲ್ಲೇ ನಿಂತಿತು. ಕಣ್ಣು ಮಿಟುಕಿಸಿದೆ. ಜಾಣೆ, ಥಟ್ಟನೆ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

ಚಹಾಕ್ಕೆ ಬಂದ ಮಗನನ್ನು ಜಡ್ಜ್ ಮಾಡಿ ಕೂರಿಸಿದೆ. ತಾಯಿ ಮತ್ತು ಹೆಂಡತಿಯ ನಡುವೆ ತೀರ್ಪು ಹೇಳುವ ಪಾಳಿ! ಅವನ ಮುಖ ನೀವು ನೋಡಬೇಕಿತ್ತು.

ಭಾಗ್ಯ ನಕ್ಕಳು. "ನಗಬ್ಯಾಡ," ಅಂದೆ, "ನಿಮ್ಮವ್ವನ ಕೇಸೈತಿ. ನೀ ಹೌದ್ರಿ ಅಂದಿ ಅಂದ್ರ ನಿಮ್ಮವ್ವ ಹೊರಗ."

ಬೇಳೆಸಾರಿಗೆ ಉಪ್ಪು ಜಾಸ್ತಿಯಾಗಿತ್ತು ಅಂತ ಕಾರಣ ಕೊಟ್ಟೆ. ಆಗಿರಲಿಲ್ಲ. ಹುಡುಗಿ ಮೆಲ್ಲಗೆ... ಹೌದ್ರಿ ಅಂದಳು. ಮೈಯೆಲ್ಲ ಉರಿಯಿತು ನನಗೆ.

ಮರುದಿನ ಇನ್ನೊಂದು ಸುಳ್ಳು ಕಾರಣಕ್ಕೆ ಬರಖಾಸ್ತು, ಅದರ ಮರುದಿನ ಮತ್ತೊಂದಕ್ಕೆ. ದನಿ ಏರಿಸಿದೆ, ಕಣ್ಣು ಬಿಟ್ಟೆ, ನನ್ನ ವಯಸ್ಸು ತೋರಿಸಿ ಹೆದರಿಸಿದೆ. ಅದೆಲ್ಲ ನನಗೆ ಕಲಿಸಬೇಕಾಗಿಲ್ಲ.

ಸ್ಪರ್ಧೆ ಹತ್ತಿರ ಬಂದಿತ್ತು. ಒಂದು ಮುಂಜಾನೆ, ನಿನ್ನೆಯ ಸಾರು ಕೆಟ್ಟಿತ್ತು ಅಂದೆ. ಅವಳು ನನ್ನ ಕಣ್ಣಲ್ಲೇ ಕಣ್ಣಿಟ್ಟು ನಿಂತಳು.

"ಅಜ್ಜಿ, ಈ ಮಾತು ನಾ ಒಪ್ಪೂದಿಲ್ರಿ. ಸಾರು ಕೆಟ್ಟಿತ್ತಂದ್ರ ನಿನ್ನಿ ಎರಡು ಸಲ ಹಾಕಿಸ್ಕೊಂಡು ಯಾಕ್ ಉಂಡ್ರಿ?"

ಜಡ್ಜ್ ಸಾಹೇಬರು ತಕ್ಷಣ ಹೆಂಡತಿಗೆ ಅಡುಗೆಮನೆ ಮರಳಿಸಿದರು. ತಾಯಿಯ ವಿರುದ್ಧ ತೀರ್ಪು ಕೊಡಲು ಅಷ್ಟು ಅವಸರ ಯಾಕಿತ್ತೋ, ಆಮೇಲೆ ವಿಚಾರಿಸಿಕೊಂಡೆ.

ಸ್ಪರ್ಧೆ ಧಾರವಾಡದಲ್ಲಿ. ಹುಬ್ಬಳ್ಳಿಯ ನಮ್ಮ ನವನಗರದಿಂದ ಬಸ್ಸು ಹತ್ತಿ ನಾನೂ ಹೋದೆ, ಹಿಂದಿನ ಸಾಲಿನಲ್ಲಿ ಕುಳಿತೆ. ಪುಣ್ಯಕ್ಕೆ ಎಲ್ಲ ಕನ್ನಡದಲ್ಲೇ ನಡೆಯಿತು.

ಜಡ್ಜ್ ಆಗಿ ಬಂದವರು ಖರೇ ನ್ಯಾಯಾಧೀಶರು, ನಿವೃತ್ತರಾದವರು. ತಲೆ ಹತ್ತಿಯ ಹಾಗೆ ಬೆಳ್ಳಗೆ.

ಅವರು ಅದೇ ಪ್ರಶ್ನೆಯನ್ನು ಇನ್ನಷ್ಟು ಚೂಪು ಮಾಡಿ ಕೇಳಿದರು. ದೇಶದ ಅತಿ ದೊಡ್ಡ ಸ್ಥಾನದ ಮೇಲೆಯೇ ನಿಮಗೆ ಅನುಮಾನವೇ ಅಂತ.

ಭಾಗ್ಯ ತಲೆ ತಗ್ಗಿಸಿದಳು. ನಾನು ಕುರ್ಚಿಯ ತುದಿಗೆ ಬಂದೆ... ಮತ್ತೆ ಬ್ಯಾಂಕೇ ಗತಿ ಅಂದುಕೊಳ್ಳುತ್ತೇನೆ, ಅಷ್ಟರಲ್ಲಿ ತಲೆ ಎತ್ತುತ್ತಾಳೆ.

"ಗೌರವದಿಂದಲೇ ಹೇಳುತ್ತೇನೆ, ಒಪ್ಪಲಾರೆ. ಸ್ಥಾನದ ಮೇಲೆ ಅನುಮಾನವಿಲ್ಲ, ಆದೇಶದ ಆಧಾರ ಕೇಳುತ್ತಿದ್ದೇವೆ. ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲಿ ತೀರ್ಮಾನವಾಗಬೇಕು, ಯಾರದೋ ಕೋಣೆಯಲ್ಲಿ ಅಲ್ಲ."

ಅವರು ಬಿಡಲಿಲ್ಲ, ಆ ಕಡೆಯಿಂದ ಈ ಕಡೆಯಿಂದ ತಿವಿದರು. ಇವಳೂ ಬಿಡಲಿಲ್ಲ. ದನಿ ನಡುಗಿತು, ಮಾತು ಮಾತ್ರ ಬಗ್ಗಲಿಲ್ಲ. ಕೊನೆಗೆ ಆ ಹಿರಿಯರು ಕುರ್ಚಿಗೆ ಒರಗಿ ನಕ್ಕರು.

ಪಕ್ಕದಲ್ಲಿದ್ದ ಹೆಣ್ಣುಮಗಳೊಬ್ಬಳು ಯಾರ ಪೈಕಿ ಈ ಹುಡುಗಿ ಅಂತ ಕೇಳಿದಳು. "ನಮ್ಮಾಕಿ" ಅಂದೆ. ಎರಡು ಸಾಲಿನ ಆಚೆಗೂ ಕೇಳಿಸಿತಂತೆ.

ಎರಡನೆಯ ಬಹುಮಾನ ಬಂತು. ಬ್ಯಾಂಕಿನ ಸುದ್ದಿ ಮತ್ತೆ ಯಾರೂ ಎತ್ತಲಿಲ್ಲ. ಓದು ಮುಗಿದ ಮೇಲೆ ಹುಬ್ಬಳ್ಳಿಯಲ್ಲಿ ಯಾವ ವಕೀಲರ ಕೈಕೆಳಗೆ ಸೇರುವುದು ಅಂತ ದಾರಿಯುದ್ದಕ್ಕೂ ಅವಳೇ ಮಾತಾಡಿದಳು.

ಖುಷಿಗೆ ಧಾರವಾಡದ ಫೇಡೆ ಕೊಳ್ಳೋಣ ಅಂದೆ. "ಬ್ಯಾಡ್ರಿ ಅಜ್ಜಿ, ನಿಮಗ ಶುಗರ್ ಐತಿ" ಅಂದಳು, ತುಂಬಿದ ಬಸ್ಸಿನಲ್ಲಿ, ಎಲ್ಲರ ಮುಂದೆ.

ಫೇಡೆ ತಪ್ಪಿತು, ಆದರೂ ಎದೆ ಉಬ್ಬಿಕೊಂಡೇ ಮನೆಗೆ ಬಂದೆ. ನಿಮ್ಮ ಮನೆಯಲ್ಲೂ ಹೀಗೆ ಎದುರಾಡಿ ಗೆದ್ದ ಮೊಮ್ಮಕ್ಕಳು ಇದ್ದಾರೆಯೇ?