ಚಟ್ನಿ ಇಲ್ಲದ ರೊಟ್ಟಿ

ಧಾರವಾಡದ ಹಾಸ್ಟೆಲಿಗೆ ಹೊರಟ ಮಗಳಿಗೆ ಚೀಲ ಕಟ್ಟುವಾಗ ನನಗಿದ್ದದ್ದು ಒಂದೇ ಚಿಂತೆ. ಗುರುತಿಲ್ಲದವರ ಹತ್ತಿರ ಅವಳು ತಾನಾಗಿ ಬಾಯಿ ಬಿಡುವವಳಲ್ಲ. ಅಲ್ಲಿ ಒಬ್ಬಳೇ ಮೂಲೆ ಹಿಡಿದು ಕೂತರೆ? ದೇವರ ಮುಂದೆ ದೀಪ ಹಚ್ಚುವಾಗ ಉಪಾಯವೊಂದು ಹೊಳೆಯಿತು. ಅದು ಅವನೇ ಹೇಳಿಕೊಟ್ಟದ್ದೆಂದು ಈಗಲೂ ನಂಬಿದ್ದೇನೆ.

ಹಾಸ್ಟೆಲಿಗೆಲ್ಲ ಸಾಲುವಷ್ಟು ಖಡಕ್ ರೊಟ್ಟಿ ಬಡಿದು ಕಟ್ಟಿದೆ. ಶೇಂಗಾ ಚಟ್ನಿಯ ಡಬ್ಬಿಯನ್ನು ಮಾತ್ರ ಬೇಕೆಂದೇ ಮನೆಯಲ್ಲಿ ಉಳಿಸಿಕೊಂಡೆ.

ಮರುದಿನವೇ ಫೋನ್ ಬಂತು.

"ಅವ್ವಾ, ಚಟ್ನಿ ಇಡೋದು ಮರ್ತೀಯಲ್ಲ! ಬರೇ ರೊಟ್ಟಿ ಹೆಂಗ ತಿನ್ಲಿ?"

"ಅಯ್ಯ, ಹೌದಲ್ಲ! ಬಾಜೂ ಖೋಲಿ ಬಾಗಲಾ ಬಡಿ. ನಮ್ಮ ಕಡೆ ಹುಡುಗ್ಯಾರು ಚಟ್ನಿ ಬಿಟ್ಟು ಹಾಸ್ಟೆಲಿಗೆ ಬರಂಗಿಲ್ಲ. ಎರಡು ರೊಟ್ಟಿ ಕೊಟ್ಟು ಕೇಳು."

"ನಂಗ ನಾಚಿಕಿ ಬರ್ತದ."

"ಹಂಗಾರ ಒಣಾ ರೊಟ್ಟಿ ಕಡಕೋತ ಕೂಡು."

ಸಂಜೆ ತಡೆಯಲಾರದೆ ನಾನೇ ಫೋನ್ ಮಾಡಿದೆ. ಅವಳ ಹಿಂದೆ ಹುಡುಗಿಯರ ನಗುವೋ ನಗು.

"ಆಮ್ಯಾಲೆ ಮಾತಾಡ್ತೇನಿ ಅವ್ವಾ, ಎಲ್ಲಾರೂ ಊಟಕ್ಕ ಕೂತೇವಿ. ಇವರ ಗುರೆಳ್ಳ ಚಟ್ನಿ ನಿನ್ನ ಚಟ್ನಿಗಿಂತ ಛಲೋ ಅದ!"

ದೇವರಿಗೆ ಕೈ ಮುಗಿದೆ. ಬೇಡಿದ್ದನ್ನು ಕೊಟ್ಟಿದ್ದ. ಆ ಕೊನೆಯ ಮಾತನ್ನು ಮಾತ್ರ ನಾನು ಬೇಡಿರಲಿಲ್ಲ.